ಕಪ್ಪು ಬಳಿಯದ ನಂಬರು

ಕಾಚಿಗೂಡದ ಕನ್ನಡ ಬಳಗ ಪ್ರತಿವರ್ಷ ವಧು-ವರರ ಪುಸ್ತಕ ಅಚ್ಚು ಹಾಕಿಸಿ ಮನೆಮನೆಗೆ ಹಂಚುತ್ತಿತ್ತು. ಫೋಟೊ, ನಕ್ಷತ್ರ, ಸಂಬಳ, ಫೋನ್ ನಂಬರು ಎಲ್ಲವೂ ಅದರಲ್ಲಿ. ಈ ಸಲ ಕಾರ್ಯದರ್ಶಿ ವೈಜನಾಥ ಅದನ್ನು ಇಂಟರ್‌ನೆಟ್ಟಿಗೆ ಏರಿಸಿದರು. ಹೈಟೆಕ್ ಸಿಟಿಯ ಹುಡುಗರು ಈಗ ಪುಸ್ತಕ ತೆರೆಯುವುದಿಲ್ಲವೆಂದು ಅವರ ಲೆಕ್ಕ.

ವಾರದೊಳಗೆ, ಆ ಪಟ್ಟಿಯಲ್ಲಿ ಹೆಸರಿದ್ದ ಲಹರಿಯ ಮೊಬೈಲಿಗೆ ಗುರುತಿಲ್ಲದ ಗಂಡಸರ ಕರೆಗಳು ಶುರುವಾದವು. ಕೆಲವರು ಮಾತೇ ಆಡುತ್ತಿರಲಿಲ್ಲ, ಉಸಿರಷ್ಟೇ ಕೇಳುತ್ತಿತ್ತು. ಆ ಮೌನ ಆಫೀಸಿನ ಬಸ್ಸಿನಲ್ಲೂ ಅವಳ ಪಕ್ಕ ಕೂತು ಬರುತ್ತಿತ್ತು.

ನಂಬರುಗಳನ್ನು ತೆಗೆಯಿರೆಂದು ಎರಡು ಸಲ ಕೇಳಿ ಸೋತ ಮೇಲೆ ಅವಳು ತನ್ನ ಬ್ಲಾಗಿನಲ್ಲಿ ವೈಜನಾಥರ ಹೆಸರು ಹಿಡಿದೇ ಬರೆದಳು. ಸಾಕ್ಷಿಗೆಂದು ಬಳಗದ ಪಟ್ಟಿಯಲ್ಲಿ ತನ್ನ ಹೆಸರಿದ್ದ ಪುಟದ ಚಿತ್ರವನ್ನೂ ಹಾಕಿದಳು.

ಭಾನುವಾರ ಬಳಗದ ಕೋಣೆಯಲ್ಲಿ ಎಲ್ಲರೂ ಸೇರಿದ್ದರು.

"ಮನಿ ಮಾತು ಬಜಾರಕ್ಕ ಒಯ್ದಿ. ಮೊದಲ ಅದನ್ನ ಅಳಸವಾ," ಎಂದರು ವೈಜನಾಥ.

"ನಮ್ಮ ನಂಬರ್ ಬಜಾರದಾಗ ಇಟ್ಟವರು ನೀವರಿ, ಕಾಕಾ."

"ನಂಬರ್ ಇಲ್ದ ಮದುವಿ ಹೆಂಗ ಆಗತಾವು? ಗಾಳ್ಯಾಗೇನು?"

"ಕೇಳಿದವರಿಗೆ ನೀವ ಕೊಡ್ರಿ. ನಮ್ಮನ್ನ ಕೇಳಿ ಕೊಡ್ರಿ."

ಮೂಲೆಯಲ್ಲಿ ತನ್ನ ತಾಯಿ ಅಂಬುಬಾಯಿಯ ಮಗ್ಗುಲಿಗೆ ಕೂತಿದ್ದ ಪಿಂಕಿ ಮೆಲ್ಲಗೆ ಬಾಯಿ ತೆರೆದಳು. "ಅಕ್ಕಾ, ನಿನ್ನ ಬ್ಲಾಗ್‌ನ್ಯಾಗಿನ ಚಿತ್ರ ನೋಡಿ ನನಗ ಇನ್ನೂ ಭಾಳ ಫೋನ್ ಬರಾಕತ್ತಾವ. ನೌಕರಿ ಬಿಡು ಅಂತಾರ ಅಪ್ಪ."

ಲಹರಿಗೆ ಆಗ ಹೊಳೆಯಿತು. ಆ ಚಿತ್ರದಲ್ಲಿ ಅವಳು ಕಪ್ಪು ಬಳಿದಿದ್ದು ತನ್ನ ನಂಬರಿಗೆ ಮಾತ್ರ, ಉಳಿದವು ಹಾಗೇ ಇದ್ದವು.

"ನೋಡ್ರೆಪಾ! ಪಾಠ ಹೇಳಾಕ ಬಂದಾಳ," ವೈಜನಾಥ ತೊಡೆ ತಟ್ಟಿ ನಕ್ಕರು. "ಈಗರೆ ಅಳಸ್ತೀಯೋ ಇಲ್ಲೋ?"

ಬರಹ ಅಳಿಸಿದರೆ ವೈಜನಾಥರ ಪಟ್ಟಿ ಹಾಗೇ ಉಳಿಯುತ್ತದೆ, ಚಿತ್ರ ಉಳಿಸಿದರೆ ಪಿಂಕಿಯ ನೌಕರಿ ಹೋಗುತ್ತದೆ. ಲಹರಿ ಎದ್ದು ಬಳಗದ ಕಂಪ್ಯೂಟರಿನ ಮುಂದೆ ಕೂತಳು. ಎಲ್ಲರೂ ನೋಡುತ್ತಿದ್ದಂತೆ ತನ್ನ ಬ್ಲಾಗಿನಿಂದ ಚಿತ್ರವನ್ನು ತೆಗೆದುಹಾಕಿದಳು. ಬೇರೆಯವರ ನಂಬರು ಬಯಲಾದದ್ದು ತನ್ನ ತಪ್ಪು ಎಂದು ಕೆಳಗೆ ಬರೆದಳು. ಮೇಲಿನ ಬರಹದ ಒಂದಕ್ಷರವನ್ನೂ ಮುಟ್ಟಲಿಲ್ಲ.

"ಪಿಂಕಿ, ತಪ್ಪಾತು. ಸಂಜಿಗೆ ನಿಮ್ಮ ಮನಿಗೆ ಬರ್ತೀನಿ. ನಿಮ್ಮಪ್ಪಗ ನಾನ ಹೇಳ್ತೀನಿ."

ಆಮೇಲೆ ಎದ್ದು ಕುರ್ಚಿಯನ್ನು ವೈಜನಾಥರತ್ತ ಸರಿಸಿದಳು. "ನನ್ನ ಪಾಲಿಂದು ಮುಗೀತು. ಇನ್ನ ನಿಮ್ದು."

"ಪಾಸ್‌ವರ್ಡ್ ನನ್ನ ಮಗನ ಹತ್ರ ಐತಿ," ಅವರು ಗಡಿಯಾರ ನೋಡಿದರು. "ಅಂವ ಪುಣೆದಾಗ ಅದಾನ."

"ಫೋನ್ ಹಚ್ಚರಿ."

"ಈಗ?"

"ಹೂಂರಿ."

ಲಹರಿ ನಿಂತೇ ಇದ್ದಳು. ಪಿಂಕಿ ಎದ್ದು ಬಂದು ಅವಳ ಪಕ್ಕ ನಿಂತಳು. ಸ್ವಲ್ಪ ತಡೆದು ಅಂಬುಬಾಯಿಯೂ ಎದ್ದರು. ವೈಜನಾಥ ಜೇಬಿನಿಂದ ಫೋನು ತೆಗೆದರು.