ತಿಳಿಪಿತ್ತ

ನೀರಿನಂತಿದೆ, ತನ್ನ ಪಕ್ಕೆಯಿಂದ ಹೊರಬಂದ ನಳಿಕೆಯೊಳಗೆ ಇಳಿಯುವ ಹನಿ, ಬಾವಿಯ ತಿಳಿನೀರಿನಂತೆ, ಹಾಗಾದರೆ ಒಳಗೆಲ್ಲ ತೊಳೆದಂತಾಯಿತು ಎಂದು ಖಮ್‌ಪನ್ ಬೆಳಿಗ್ಗೆ ಅಂದುಕೊಂಡಿದ್ದ, ಅಕ್ಕ ಬುವಾಲಾಗೆ ಹೇಳಿಯೂ ಬಿಟ್ಟಿದ್ದ, ಅವಳು ಖುಷಿಯಲ್ಲಿ ಅವನ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿ, ಕಾಯಿಲೆಗೆ ಹೆದರಿ ಮೈಬಿಟ್ಟು ಓಡಿಹೋದ ಒಳಜೀವಗಳೆಲ್ಲ ಮೈಗೆ ಮರಳಲಿ ಎಂದಳು — ಆಮೇಲೆ ಆ ಎಳೆ ವಯಸ್ಸಿನ ಡಾಕ್ಟರಮ್ಮ ಬಂದು ನಳಿಕೆಯ ತುದಿಯ ಚೀಲ ಎತ್ತಿ ನೋಡಿದಳು, ನಗಲಿಲ್ಲ, ಏಕೆ ನಗಲಿಲ್ಲ? ಮದುವೆಮನೆಗಳಲ್ಲಿ ಕೊಚ್ಚಿದ ಮಾಂಸಕ್ಕೆ ಎತ್ತಿನ ಪಿತ್ತ ಹಿಂಡಿ ಕಹಿಯ ಹದ ಹಿಡಿಯುವವನು ಅವನು, ಹಸಿರು ಪಿತ್ತ ಕಂಡಿದ್ದಾನೆ, ಕಂದು ಕಂಡಿದ್ದಾನೆ, ನೀರಿನಂಥದ್ದು ಮಾತ್ರ — ಜೀವಮಾನವೆಲ್ಲ ಎತ್ತಿಂದು ಹಿಂಡ್ದೆ, ಈಗ ನಿಂದು ಹಿಂಡ್ತಿದಾರೆ ಕಣೋ, ಅಕ್ಕನ ಕೊಂಕು, ನಕ್ಕರೆ ನಳಿಕೆಯ ಬುಡ ಚುಚ್ಚುತ್ತದೆ, ಮೈಯೆಲ್ಲ ತುರಿಕೆ, ಅಂಗಾಲಿನಲ್ಲೂ, ಮಲ ಸುಣ್ಣದ ಹಾಗೆ, ಮೂತ್ರ ಕಡುಚಹಾದ ಹಾಗೆ, ಬಣ್ಣಗಳೆಲ್ಲ ತಪ್ಪು ಜಾಗಕ್ಕೆ ಹೋಗಿ ಕೂತಿವೆ. ಇದು ಸ್ವಚ್ಛ ಅಲ್ಲ ಮಾವ, ಡಾಕ್ಟರಮ್ಮ ಅಂದಳು, ಗಡ್ಡೆ ಕೂತು ಪಿತ್ತನಾಳ ಮುಚ್ಚಿ ತುಂಬ ದಿನ ಆಗಿದೆ, ಹರಿಯೋಕೆ ದಾರಿ ಇಲ್ದೆ ಪಿತ್ತ ಹಿಂದಕ್ಕೆ ಒತ್ತಿ ರಕ್ತಕ್ಕೆ ನುಗ್ತು, ಒತ್ತಡ ತಾಳದೆ ನಿಮ್ಮ ಲಿವರ್ ಪಿತ್ತ ಸುರಿಸೋದನ್ನೇ ನಿಲ್ಲಿಸಿದೆ, ಇದು ಬರೀ ನಾಳದ ಗೋಡೆ ಒಸರೋ ನೀರು, ಈಗ ದಾರಿ ಬಿಡಿಸಿದೀವಿ, ಬಣ್ಣ ಬಂದ್ರೆ ಆಪರೇಷನ್ ಮಾಡಬಹುದು, ಬರ್ದಿದ್ರೆ — ಬರದಿದ್ದರೆ ಏನೆಂದಳು, ಅವನಿಗೆ ಕೇಳಿಸಲಿಲ್ಲ, ದಾರಿ ಬಿಟ್ಟ ಮೇಲೂ ಹರಿಯದಿರುವುದೆಂದರೇನು, ಲಿವರಿಗೆ ಮುನಿಸೇ, ಊರ ಪಕ್ಕದ ಚೀ ಹೊಳೆಯ ಹಸಿಮೀನು ಕೊಚ್ಚಿ ಹುಳಿಗೆ ಕೆಂಜಿಗ ಇರುವೆ ಬೆರೆಸಿ ತಿಂದದ್ದಕ್ಕೇ, ಅಪ್ಪನೂ ತಿಂದ, ಅಕ್ಕನೂ ತಿಂದಳು, ಅವಳ ಕಣ್ಣು ಬೆಳ್ಳಗೇ ಇದೆಯಲ್ಲ, ತನ್ನದಷ್ಟೇ ಹಳದಿ, ಗಡ್ಡೆ ತರುವ ಮೀನಿನೊಳಗಿನ ಹುಳ ಯಾರನ್ನು ನೋಡಿ ಆರಿಸಿಕೊಳ್ಳುತ್ತದೆ — ಈಗ ಮತ್ತೆ ಹನಿ, ನಳಿಕೆಯ ತುದಿಯಲ್ಲಿ, ಹಳದಿ, ಹಳದಿಯೇ? ಹಿಂದೆ ಅವನದೇ ಅಂಗೈ ಇದೆ, ಅಂಗೈಯೇ ಹಳದಿ, ಕೈ ಸರಿಸಿದರೆ ಬಣ್ಣ ಹೋಯಿತು, ಇಲ್ಲ, ಇದೆ, ಇಲ್ಲ. ಅಕ್ಕಾ, ನಿನ್ ಕೈ ಹಿಡಿ ಇದರ ಹಿಂದೆ. ಹಿಡಿದಳು, ಬಗ್ಗಿ ನೋಡಿದಳು, ನಳಿಕೆಯನ್ನು ಬೆಳಕಿಗೆ ತಿರುಗಿಸಿದಳು, ಯಾವ ಬಣ್ಣ ಹೇಳೇ, ಹನಿ ಬೀಳುತ್ತಿಲ್ಲ, ಹಳದಿಯಿಲ್ಲದ ಅವಳ ಅಂಗೈಯ ಮುಂದೆ ಹನಿ, ಹನಿ