ಬಿಳಿ ವಾಯರಿನ ಗಂಟು

ನಾನು ಒಂದು ಆಕ್ಸಿಜನ್ ಸೆನ್ಸರ್. ಹೆಬ್ಬೆರಳಿನಷ್ಟು ಉದ್ದ, ಬೆನ್ನಿಗೆ ನಾಲ್ಕು ವಾಯರು. ಕಾರ್ಖಾನೆಯಲ್ಲಿ ಹುಟ್ಟಿದ ದಿನವೇ ನನ್ನನ್ನು ಕೆಂಪು ಕಾರೊಂದರ ಹೊಗೆಕೊಳವೆಗೆ ತಿರುಗಿಸಿ ಕೂರಿಸಿದರು. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಕಪ್ಪು, ಬೂದು ವಾಯರುಗಳಲ್ಲಿ ಸುದ್ದಿ ಕಳಿಸುತ್ತಿದ್ದೆ. ಅದನ್ನು ನೋಡಿ ಎಂಜಿನ್ ಪೆಟ್ರೋಲ್ ಅಳೆದುಕೊಳ್ಳುತ್ತಿತ್ತು. ಬಿಳಿಯವೆರಡು ನನ್ನನ್ನು ಕಾಯಿಸಲು ಕರೆಂಟ್ ತರುತ್ತಿದ್ದವು.

ಆ ಕಾರು ಗದಗಿನ ಕಸ್ತೂರಿಯದು. ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿ ತಾನೇ ದುಡಿದು ಕೊಂಡದ್ದು. ಏಳು ವರ್ಷ ನೆಮ್ಮದಿಯಾಗಿ ಓಡಿಸಿದಳು. ಆಕೆಯ ಗಂಡ ಗುರುಪಾದನಿಗೆ ಟೈಲ್ಸ್ ಅಂಗಡಿ. ಕಾರು ಬಂದರೆ ಓಣಿಯವರೆಲ್ಲ ತಿರುಗಿ ನೋಡಬೇಕು ಎಂಬ ಹುಚ್ಚು ಅವನಿಗೆ ಹತ್ತಿತು. ಹಳೆಯ ಕೊಳವೆ ಕತ್ತರಿಸಿ ದಪ್ಪನೆಯದೊಂದು ಹಾಕಿಸಿದ. ನನ್ನ ಜಾಗ ಎರಡು ಗೇಣು ಹಿಂದಕ್ಕೆ ಹೋಯಿತು. ನನ್ನ ವಾಯರುಗಳು ಎಂಜಿನ್ನಿನ ಕಡೆಗೆ ಎಟುಕದೆ ಬರಿದೇ ಜೋತುಬಿದ್ದವು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿ ಆರಲೇ ಇಲ್ಲ.

ಗುರುಪಾದ ಕಾರನ್ನು ಇಮಾಮಸಾಬನ ಹತ್ತಿರ ತಂದ. ಇಮಾಮಸಾಬ ಮೂವತ್ತು ವರ್ಷದಿಂದ ಗಾಡಿಗಳ ವಾಯರಿಂಗ್ ಮಾಡಿದವನು, ನಿಧಾನದ ಮನುಷ್ಯ. ನೆಲದ ಮೇಲೆ ಮಲಗಿ ನನ್ನನ್ನು ನೋಡಿದ.

"ನಾಕೂ ವಾಯರ್ ಉದ್ದ ಮಾಡಬೇಕ್ರಿ. ಒಂದೊಂದಕ್ಕೂ ಕಾವು ತಡಿಯೋ ಸ್ಲೀವ್ ಹಾಕಿ, ಪೈಪಿನಿಂದ ದೂರ ಕಟ್ಟಬೇಕು. ನಾಳೆ ಸಂಜಿಗೆ ಒಯ್ರಿ."

"ಒಂದ ಸೆನ್ಸರಿಗೆ ಎರಡ ದಿನಾ?"

"ಪೈಪಿಗೆ ತಾಗಿ ಸುಟ್ಟರ ಫ್ಯೂಸ್ ಹೋಗತೈತ್ರಿ. ಈ ಗಾಡ್ಯಾಗ ಪೆಟ್ರೋಲ್ ಪಂಪಿಗೂ ಅದ ಫ್ಯೂಸ್. ನಡುದಾರ್ಯಾಗ ಎಂಜಿನ್ ನಿಲ್ಲತೈತಿ."

ಮರುದಿನ ಮಧ್ಯಾಹ್ನ ಕಪ್ಪು, ಬೂದು ವಾಯರುಗಳ ಕೆಲಸ ಮುಗಿಸಿ ಇಮಾಮಸಾಬ ನಮಾಜಿಗೆ ಹೋದ. ಆಗ ಗುರುಪಾದ ಬಂದು ಕಾರು ಒಯ್ದೇಬಿಟ್ಟ. ಗೆಳೆಯರಿಗೆ ತೋರಿಸುವ ಅವಸರ. ಕಸ್ತೂರಿ ಇಲ್ಲದ ಹೊತ್ತಿನಲ್ಲಿ ಮನೆಯ ಮುಂದೆ ಬಿಳಿ ವಾಯರುಗಳನ್ನು ತಾನೇ ಬೆರಳಲ್ಲಿ ಹೊಸೆದು, ಟೇಪು ಸುತ್ತಿ, ಪೈಪಿನ ಮೇಲೆಯೇ ಬಿಟ್ಟ. ದೀಪ ಆರಿತು. ಅವನು ನಕ್ಕ.

ಇಮಾಮಸಾಬ ಎರಡು ಸಲ ಫೋನ್ ಮಾಡಿದ. "ಎಲ್ಲಾ ಬರೋಬ್ಬರಿ ಐತಿ," ಎಂದು ಗುರುಪಾದ ಇಟ್ಟುಬಿಟ್ಟ.

ಒಂಬತ್ತನೆಯ ದಿನ ಕಸ್ತೂರಿ ಒಬ್ಬಳೇ ಹುಬ್ಬಳ್ಳಿಗೆ ಹೊರಟಿದ್ದಳು. ಟೇಪು ಕರಗಿತು, ತಾಮ್ರ ಕಬ್ಬಿಣಕ್ಕೆ ತಾಗಿತು, ಒಂದೇ ಕ್ಷಣದಲ್ಲಿ ಎಂಜಿನ್ ಸತ್ತಿತು. ಹಿಂದಿದ್ದ ಲಾರಿಗೆ ಬ್ರೇಕ್ ಹಿಡಿಯಲು ಜಾಗವಿರಲಿಲ್ಲ.

ಕಸ್ತೂರಿ ಬದುಕಿದಳು. ಬಲಗೈಯನ್ನು ಮೊಣಕೈವರೆಗೆ ತೆಗೆದರು.

ವಾಯರಿಂಗ್ ಕೆಟ್ಟದ್ದರಿಂದ ಹೀಗಾಯಿತೆಂದು ಊರೆಲ್ಲ ಸುದ್ದಿ. ವಾಯರಿಂಗ್ ಮಾಡಿದವನು ಯಾರೆಂದು ಎಲ್ಲರಿಗೂ ಗೊತ್ತು. ಗುರುಪಾದ ಯಾರ ಹೆಸರನ್ನೂ ಹೇಳಲಿಲ್ಲ, ಯಾರ ಮಾತನ್ನೂ ತಿದ್ದಲೂ ಇಲ್ಲ. ಇಮಾಮಸಾಬನ ಅಂಗಡಿಗೆ ಗಾಡಿ ಬರುವುದು ನಿಂತಿತು.

ಅವನು ನಜ್ಜುಗುಜ್ಜಾದ ಕಾರನ್ನು ಹುಡುಕಿಕೊಂಡು ಹೋಗಿ ನನ್ನನ್ನು ಬಿಚ್ಚಿದ. ತನ್ನ ಎರಡು ಜೋಡಣೆ ಗಟ್ಟಿಯಾಗಿದ್ದವು. ಬಿಳಿಯದರ ಮೇಲೆ ತನ್ನದಲ್ಲದ ಗಂಟು, ಸುಟ್ಟ ಟೇಪು. ನನ್ನನ್ನು ಜೇಬಿಗಿಟ್ಟುಕೊಂಡು ನೇರ ಕಸ್ತೂರಿಯ ಮನೆಗೆ ನಡೆದ.

ಬಾಗಿಲು ತೆರೆದೇ ಇತ್ತು. ಗುರುಪಾದ ರೊಟ್ಟಿ ಮುರಿದು, ಪಲ್ಯದಲ್ಲಿ ಅದ್ದಿ ಹೆಂಡತಿಯ ಬಾಯಿಗೆ ಇಡುತ್ತಿದ್ದ. ಇಮಾಮಸಾಬನನ್ನು ಕಂಡು ಅವನ ಕೈ ಅಲ್ಲೇ ನಿಂತಿತು.

ಕಸ್ತೂರಿ ತಿರುಗಿದಳು. "ನಿಮ್ಮ ಮ್ಯಾಲೆ ಭರೋಸಾ ಇಟ್ಟಿದ್ವಿ, ಸಾಬರ. ಹಿಂಗ್ಯಾಕ ಮಾಡಿದ್ರಿ?"

ಜೇಬಿನೊಳಗೆ ಅವನ ಬೆರಳು ನನ್ನನ್ನು ಬಿಗಿಯಾಗಿ ಹಿಡಿದವು. ಹೊರಗೆ ತೆಗೆದರೆ ಮುಗಿಯಿತು. ಅವನು ಆ ರೊಟ್ಟಿಯ ತುಂಡನ್ನು ನೋಡಿದ, ಆಕೆಯ ಮೊಟಕಾದ ತೋಳನ್ನು ನೋಡಿದ. ಬೆರಳು ಸಡಿಲವಾದವು.

"ತಪ್ಪಾತವ್ವಾ," ಎಂದ.

ಗುರುಪಾದ ಗೇಟಿನವರೆಗೂ ಹಿಂದೆ ಬಂದ. ಕಾಲಿಗೆ ಬೀಳುತ್ತಾನೆ ಎಂದುಕೊಂಡೆ. ಒಳಗಿನವರಿಗೂ ಕೇಳುವಂತೆ ಹೇಳಿದ: "ಆಗಿದ್ದು ಆತು. ನಾವೇನ ಪೊಲೀಸರ ಕಡೆ ಹೋಗಂಗಿಲ್ಲ, ಹೆದರಬ್ಯಾಡ್ರಿ."

ಮನೆಯಲ್ಲಿ ಇಮಾಮಸಾಬನ ಹೆಂಡತಿ ಜೈತೂನಬಿ ಅತ್ತಳು. "ಮಾಡದ ತಪ್ಪು ಯಾಕ ಹೊತ್ತಿ?"

"ಆಕಿ ದಿನಾ ಅವನ ಕೈಲೆ ಉಣಬೇಕಲ್ಲ," ಎಂದ ಇಮಾಮಸಾಬ. ಆ ತಿಂಗಳೇ ಅಂಗಡಿ ಮುಚ್ಚಿ ಸಾಮಾನನ್ನೆಲ್ಲ ಗುಜರಿಗೆ ಹಾಕಿದ. ಅದರೊಂದಿಗೆ ನನ್ನನ್ನೂ.

ಈಗ ಮುರಿದ ಕೀಲುಗಳ ನಡುವೆ ಡಬ್ಬಿಯೊಂದರಲ್ಲಿ ಬಿದ್ದಿದ್ದೇನೆ. ಅವನು ಒಳ್ಳೆಯದು ಮಾಡಿದನೆಂದು ಎಷ್ಟು ಸಲ ಅಂದುಕೊಂಡರೂ ನನಗೆ ಸಮಾಧಾನವಿಲ್ಲ. ಆಕೆಗೆ ನಿಜ ತಿಳಿಯುವ ಹಕ್ಕಿತ್ತು. ಅದನ್ನು ಒಬ್ಬ ಹೇಡಿತನದಿಂದ ಕಸಿದುಕೊಂಡ, ಇನ್ನೊಬ್ಬ ಕರುಣೆಯಿಂದ.