ಏಣಿ ಲೇಸು

ಮಗಳು ಸತ್ತ ಅಪ್ಪನ ಬಲಗಾಲಿನ ಬೂಟಿನಿಂದ ಲೇಸನ್ನು ಸರ್ರನೆ ಎಳೆದು ಹಾಕಿದಳು. ಎಡಗಾಲಿಗೆ ಕೈ ಹಾಕುವಷ್ಟರಲ್ಲಿ ಕ್ಯಾಪ್ಟನ್ ಬಾಗಿಲಿನಿಂದ ಓಡಿಬಂದ.

"ಮೇಡಂ, ಏನ್ ಮಾಡ್ತಿದ್ದೀರಾ? ಈಗಷ್ಟೇ ನಮ್ಮವರು ಎಲ್ಲಾ ರೆಡಿ ಮಾಡಿ ಹೋದ್ರು!"

"ನಿಮ್ಮವರು ಕತ್ತರಿ ಥರ ಕಟ್ಟಿದ್ದಾರೆ. ನಮ್ಮಪ್ಪ ಒಂದು ದಿನಾನೂ ಹಾಗೆ ಕಟ್ಟಿದವರಲ್ಲ."

ಅವಳು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಗ್ರೀಸು ಇವತ್ತೂ ಹೋಗಿರಲಿಲ್ಲ. ಅದೇ ಬೆರಳುಗಳಲ್ಲಿ ಕೆಳಗಿನ ತೂತಿನಿಂದ ಶುರುಮಾಡಿದಳು. ಲೇಸು ಅಡ್ಡಕ್ಕೆ ನೇರ ಹೋಗಬೇಕು, ಒಳಗಿನಿಂದ ಮೇಲೆ ಬರಬೇಕು, ಮತ್ತೆ ಅಡ್ಡಕ್ಕೆ. ಒಂದರ ಮೇಲೊಂದು ಹಾಯುವಂತಿಲ್ಲ. ಏಣಿಯ ಮೆಟ್ಟಿಲಿನ ಹಾಗೆ.

"ಜನರಲ್ ಸಾಹೇಬ್ರು ಬರ್ತಿದ್ದಾರೆ. ಪೆಟ್ಟಿಗೆ ಮುಚ್ಚೋ ಮುಂಚೆ ನೋಡ್ತಾರೆ. ಯೂನಿಫಾರ್ಮು ನಿಯಮದ ಪ್ರಕಾರ ಇರ್ಬೇಕು."

"ನೋಡ್ಲಿ ಅಂತಾನೇ ಕಟ್ತಿರೋದು."

ಗೋಡೆಗೆ ಒರಗಿ ನಿಂತಿದ್ದ ಬೇಕರಿಯವನು ಮೂಗೊರೆಸಿಕೊಂಡು ನಕ್ಕ. ಬೇಕರಿ ಹಾಕುವ ಮೊದಲು ಅವನು ಪೆಟ್ಟಿಗೆಯಲ್ಲಿ ಮಲಗಿದ್ದ ಈ ಕರ್ನಲ್ಲರ ಸಿಪಾಯಿ.

"ಇವಳ ಮದುವೆ ದಿನ ಏನಾಯ್ತು ಗೊತ್ತಾ ಕ್ಯಾಪ್ಟನ್? ಫೋಟೋದವನು ರೆಡಿ ಅಂತಿದ್ದಾನೆ, ಕರ್ನಲ್ ಸಾಹೇಬ್ರು ಸೂಟು ಬೂಟಲ್ಲೇ ಮಂಡಿ ಊರಿ ಅಳಿಯನ ಲೇಸನ್ನ ಏಣಿ ಥರ ಕಟ್ಟೋಕೆ ಕೈ ಹಾಕಿದ್ರು. ಮಾವ ಕಾಲಿಗೆ ಬೀಳ್ತಿದ್ದಾರೆ ಅಂತ ಆ ಪುಣ್ಯಾತ್ಮ ಹೆದರಿ ಕುರ್ಚಿ ಸಮೇತ ಹಿಂದಕ್ಕೆ ಉರುಳಿದ!"

ಅಳುತ್ತಿದ್ದವರೂ ನಕ್ಕರು. ಅಳಿಯನೂ ನಕ್ಕ. ಕ್ಯಾಪ್ಟನ್ ಮಾತ್ರ ಗಡಿಯಾರ ನೋಡಿಕೊಂಡ.

"ನಿಮಗೆ ನಗು ಬರಲ್ಲ ಬಿಡಿ," ಎಂದ ಬೇಕರಿಯವನು. "ನಿಮ್ಮ ಎರಡು ಕಾಲೂ ಹೆತ್ತವಳು ಕೊಟ್ಟಿದ್ದು. ನನ್ನ ಎಡಗಾಲು ಇವರು ಕೊಟ್ಟಿದ್ದು."

* * *

ಆಗ ಕರ್ನಲ್ ಇನ್ನೂ ಮೇಜರ್. ಹಿಮದ ಗುಡ್ಡದಲ್ಲಿ ರೇಡಿಯೋದವನ ಕಾಲು ಬಂಡೆಯಡಿ ಜಜ್ಜಿಹೋಯಿತು. ಬಂಡೆ ಸರಿಸಿದರು. ಆದರೆ ಬೂಟು ಬಿಚ್ಚದೆ ರಕ್ತ ನಿಲ್ಲಿಸುವಂತಿರಲಿಲ್ಲ. ಲೇಸು ಮಂಜಿನಲ್ಲಿ ಸೆಟೆದು ತಂತಿಯಾಗಿತ್ತು. ಒಂದರ ಮೇಲೊಂದು ಹಾದ ಪ್ರತಿ ಗಂಟಲ್ಲೂ ಚಾಕು ಜಾರಿತು. ಇಡೀ ಸೈನ್ಯವನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ ಆ ಮನುಷ್ಯ, ಆರನೆಯ ಗಂಟು ಕತ್ತರಿಸುವ ಹೊತ್ತಿಗೆ ಉಸಿರು ಬಿಟ್ಟಿದ್ದ. ಕಾಲು ಹಿಡಿದುಕೊಂಡಿದ್ದವರು ಮೇಜರ್.

ಮರುದಿನ ಬೆಳಿಗ್ಗೆ ಅವರು ಇನ್ನೂರು ಜನರ ಎದುರು ಬಂಡೆಯ ಮೇಲೆ ಕೂತು ತಮ್ಮ ಬೂಟು ಬಿಚ್ಚಿದರು, ಏಣಿಯ ಹಾಗೆ ಕಟ್ಟಿ ತೋರಿಸಿದರು. ಚಾಕುವನ್ನು ಮೇಲಿನಿಂದ ತೂರಿಸಿ ಒಂದೇ ಸಲ ಎಳೆದರು. ಬೂಟು ಬಾಯಿ ಬಿಟ್ಟಿತು.

"ಇವತ್ತಿಂದ ಎಲ್ಲರೂ ಹೀಗೆ."

ಸಮವಸ್ತ್ರದ ಶಿಸ್ತು ಕೆಟ್ಟಿತೆಂದು ಹೆಡ್‌ಕ್ವಾರ್ಟರ್ಸ್‌ನಿಂದ ಮೂರು ಪತ್ರ ಬಂದವು. ಬೆಚ್ಚಗಿನ ಕೋಣೆಯಲ್ಲಿ ಕೂತು ಬರೆದ ಪತ್ರಗಳು. ಮೂರನೆಯದರ ಬೆನ್ನಿಗೆ ಅವರು ಬರೆದು ಕಳಿಸಿದರು: "ನಿಮ್ಮಲ್ಲಿ ಯಾರಾದರೂ ಇಲ್ಲಿಗೆ ಬಂದು ಹೆಪ್ಪುಗಟ್ಟಿದ ಲೇಸು ಕತ್ತರಿಸಿ ತೋರಿಸಿ. ಅಲ್ಲಿಯವರೆಗೆ ಲೇಸು ಹೀಗೆಯೇ ಇರುತ್ತದೆ."

ಯಾರೂ ಬರಲಿಲ್ಲ. ಎರಡು ಚಳಿಗಾಲ ಕಳೆದ ಮೇಲೆ ಅದೇ ಗುಡ್ಡದಲ್ಲಿ ಮುಂದೆ ಬೇಕರಿ ಇಡಲಿದ್ದವನ ಪಾದ ಜಜ್ಜಿತು. ಒಂದೇ ಎಳೆತ. ಬೂಟು ಬಿಸಿ ಬ್ರೆಡ್ಡಿನ ಹಾಗೆ ಬಿರಿಯಿತು, ಕಾಲು ಉಳಿಯಿತು. ಮೇಜರ್ ಮಾತ್ರ ಕರ್ನಲ್ ಆಗಿ ಅಲ್ಲಿಗೇ ನಿಂತರು. ಅವರ ಕೈಕೆಳಗಿದ್ದವರು ಭುಜದ ತುಂಬ ನಕ್ಷತ್ರ ಹಚ್ಚಿಕೊಂಡು ಮೇಲೆ ಹೋದರು. ಅವರಲ್ಲೊಬ್ಬ ಇವತ್ತು ಬರಲಿದ್ದ ಜನರಲ್.

* * *

ಹೊರಗೆ ಹೋಗಿ ಫೋನ್ ಮಾಡಿ ಬಂದ ಕ್ಯಾಪ್ಟನ್‌ನ ಮುಖ ಬಿಳಿಚಿತ್ತು.

"ಮೊದಲಿನ ಥರ ಕಟ್ಟಿ ಮೇಡಂ. ಇಲ್ಲಾಂದ್ರೆ ಜನರಲ್ ಬರಲ್ಲ, ಗುಂಡು ಹಾರಿಸಲ್ಲ, ಬಾವುಟಾನೂ ವಾಪಸ್ ತಗೊಂಡು ಹೋಗ್ಬೇಕು. ಆರ್ಡರ್. ನಾನೇನ್ ಮಾಡ್ಲಿ?"

ಮಗಳ ಕೈ ನಿಂತಿತು. ಬೆಳಿಗ್ಗೆಯಷ್ಟೇ ಅಮ್ಮ ಕಣ್ಣೊರೆಸಿಕೊಂಡು ಹೇಳಿದ್ದಳು: "ಬದುಕಿದ್ದಾಗ ಏನೂ ಕೊಡ್ಲಿಲ್ಲ. ಇದೊಂದಾದ್ರೂ ಸಿಗಲಿ ಕಣೇ ಅವರಿಗೆ." ತನ್ನ ಹಟಕ್ಕೆ ಅಮ್ಮನ ಆಸೆಯನ್ನು ತಾನು ಬಲಿ ಕೊಡಬಹುದೇ?

"ಅಮ್ಮಾ, ನೀನು ಹೇಳು. ಬಿಚ್ಚು ಅಂದ್ರೆ ಬಿಚ್ತೀನಿ."

ಅಮ್ಮ ಕುರ್ಚಿಯಿಂದ ಎದ್ದು ಬಂದಳು. ಗಂಡನ ಬೂಟಿನ ಮೇಲೆ ಬೆರಳಾಡಿಸಿದಳು, ಕೆಳಗಿನಿಂದ ಮೇಲಿನವರೆಗೆ, ಒಂದೊಂದೇ ಮೆಟ್ಟಿಲು.

"ಇಲ್ಲಿ ಸಡಿಲ ಬಿಟ್ಟಿದ್ದೀಯಲ್ಲೇ. ನಿಮ್ಮಪ್ಪ ಇದ್ದಿದ್ರೆ ಮತ್ತೆ ಕಟ್ಟಿಸ್ತಿದ್ರು."

ಬಿಗಿದಳು. ಆಮೇಲೆ ಪೆಟ್ಟಿಗೆಯ ಪಕ್ಕ ಇಟ್ಟಿದ್ದ ಬಾವುಟವನ್ನು ಎತ್ತಿ ಕ್ಯಾಪ್ಟನ್‌ನ ಕೈಯಲ್ಲಿಟ್ಟಳು.

"ಬಾವುಟದ ಮೇಲೆ ನನಗೇನೂ ಕೋಪ ಇಲ್ಲಪ್ಪ. ಜೋಪಾನವಾಗಿ ತಗೊಂಡು ಹೋಗಿ. ಇವರ ಕಾಲು ಮಾತ್ರ ಮುಟ್ಬೇಡಿ."

ಮುಚ್ಚಳ ಮುಚ್ಚಿದರು. ಮುಂದೆ ಮಗಳು ಮತ್ತು ಅಳಿಯ, ಹಿಂದೆ ಬೇಕರಿಯವನು ಮತ್ತು ಮೂವರು ಹಳೆಯ ಸಿಪಾಯಿಗಳು ಹೆಗಲು ಕೊಟ್ಟರು. ಬೀದಿಗೆ ಬಂದಾಗ ಗೌರವ ಪಡೆಯ ಲಾರಿ ಎಂಜಿನ್ ಶುರುಮಾಡಿ ನಿಂತಿತ್ತು.

"ಹತ್ತಿ, ಹತ್ತಿ!" ಕ್ಯಾಪ್ಟನ್ ಕೂಗುತ್ತಿದ್ದ.

ಪಡೆಯ ನರೆಮೀಸೆಯ ಸಾರ್ಜೆಂಟ್ ಹತ್ತಲಿಲ್ಲ. ಲಾರಿಯ ಹಿಂದಿನ ಮೆಟ್ಟಿಲ ಮೇಲೆ ಕೂತು, ಬಂದೂಕನ್ನು ಪಕ್ಕಕ್ಕಿಟ್ಟು, ತನ್ನ ಬೂಟಿನ ಲೇಸನ್ನು ಕೊನೆಯ ತೂತಿನವರೆಗೂ ಬಿಚ್ಚಿ ಎಳೆದ. ಉಳಿದ ಐವರು ಸುತ್ತ ನಿಂತು ಅವನ ಕೈಯನ್ನೇ ನೋಡುತ್ತಿದ್ದರು. ಅವನು ಕೆಳಗಿನ ತೂತಿಗೆ ಲೇಸು ತೂರಿಸಿ, ಅಡ್ಡಕ್ಕೆ ನೇರ ಎಳೆದು, ಮೊದಲ ಮೆಟ್ಟಿಲು ಬಿಗಿದ.